36 ಅಡಿಯ ಅಂಗಳ

(ರಾಮನಗರದ ಒಂದು ಮಣ್ಣಿನ ಟೆನಿಸ್ ಕೋರ್ಟ್. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಊರಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುವ ತಂದೆ. ಇನ್ನೊಬ್ಬರು ಹಿಂದೆ ರಾಜ್ಯಮಟ್ಟದಲ್ಲಿ ಆಡಿ, ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮಕ್ಕಳಿಗೆ ಆಟ ಕಲಿಸುತ್ತಿರುವ ಟೀಚರ್.)

ತಂದೆ: ಮೇಡಂ, ಅಂಡರ್-14 ಟೂರ್ನಿಗೆ ಹೆಸರು ಕಳಿಸ್ಬೇಕು ಅಂದಿದ್ರಲ್ಲ, ಸಿಂಗಲ್ಸ್‌ಗೆ ಮಾತ್ರ ಕಳಿಸಿ. ಡಬಲ್ಸ್ ಆಡಲ್ಲ ಅಂತ ಮಗಳು ಹಟ ಹಿಡಿದಿದ್ದಾಳೆ.

ಟೀಚರ್: ಯಾಕಂತೆ?

ತಂದೆ: ಅದು ಸಿಂಗಲ್ಸ್‌ನಲ್ಲಿ ಸೋತೋರು ಆಡೋ ಆಟ ಅಂತಾಳೆ. ನನಗೂ ಹೌದು ಅನ್ನಿಸ್ತು. ಟಿವಿ ಹಾಕಿದ್ರೆ ಒಬ್ಬರಿಗೊಬ್ಬರು ಆಡೋದನ್ನೇ ತೋರಿಸ್ತಾರೆ. ಪೇಪರ್‌ನಲ್ಲಿ ಡಬಲ್ಸ್ ಸುದ್ದಿ ಮೂಲೆಯಲ್ಲಿ ನಾಲ್ಕು ಸಾಲು.

ಟೀಚರ್: ಅವಳ ಗೋಡೆ ಮೇಲೆ ಸಾನಿಯಾ ಮಿರ್ಜಾ ಫೋಟೋ ಇದೆ ಅಂತ ನನ್ನ ಹತ್ತಿರ ಹೇಳಿದ್ದಳು. ಯಾವ ಫೋಟೋ ಅದು?

ತಂದೆ: ಹುಲ್ಲಿನ ಅಂಗಳ. ಬಿಳಿ ಬಟ್ಟೆ. ಪಕ್ಕದಲ್ಲಿ ಇನ್ನೊಬ್ಬಾಕೆ ಇದ್ದಾರೆ, ವಿದೇಶದೋರು. ಇಬ್ಬರೂ ಕಪ್ಪು ಹಿಡಿದು ನಗ್ತಾ ಇದ್ದಾರೆ.

ಟೀಚರ್: ಆ ಇನ್ನೊಬ್ಬಾಕೆ ಮಾರ್ಟಿನಾ ಹಿಂಗಿಸ್, ಸ್ವಿಟ್ಜರ್ಲೆಂಡಿನವರು. ಅದು 2015ರ ವಿಂಬಲ್ಡನ್. ಮಹಿಳೆಯರ ಡಬಲ್ಸ್ ಕಪ್ಪು. ನಿಮ್ಮ ಮಗಳು ದಿನಾ ಬೆಳಿಗ್ಗೆ ಎದ್ದು ನೋಡುವುದು ಡಬಲ್ಸ್ ಗೆದ್ದ ಚಿತ್ರವನ್ನೇ.

ತಂದೆ: ಅದು ಅವಳಿಗೆ ಗೊತ್ತಿಲ್ಲ ಅಂತ ಕಾಣುತ್ತೆ.

ಟೀಚರ್: ಬಹಳ ಜನಕ್ಕೆ ಗೊತ್ತಿಲ್ಲ, ನನಗೆ ನೋವಾಗುವುದೂ ಅದಕ್ಕೇ. ಸಾನಿಯಾ ಆರು ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದಾರೆ. ಆರೂ ಡಬಲ್ಸ್. ಮೂರು ಮಿಶ್ರ ಡಬಲ್ಸ್: 2009ರಲ್ಲಿ ಆಸ್ಟ್ರೇಲಿಯನ್ ಓಪನ್, 2012ರಲ್ಲಿ ಫ್ರೆಂಚ್ ಓಪನ್, ಎರಡೂ ಮಹೇಶ್ ಭೂಪತಿ ಜೊತೆ. 2014ರಲ್ಲಿ ಅಮೆರಿಕನ್ ಓಪನ್, ಬ್ರೆಜಿಲಿನ ಬ್ರೂನೊ ಸೋರೆಸ್ ಜೊತೆ. ಉಳಿದ ಮೂರು ಹಿಂಗಿಸ್ ಜೊತೆ: ನಾನು ಹೇಳಿದ ವಿಂಬಲ್ಡನ್, ಅದೇ ವರ್ಷದ ಅಮೆರಿಕನ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್. 2015ರ ಏಪ್ರಿಲ್ 13ಕ್ಕೆ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನ. ಒಟ್ಟು 91 ವಾರ ಆ ಜಾಗದಲ್ಲಿದ್ದರು. ಭಾರತದ ಬೇರೆ ಯಾವ ಹೆಣ್ಣುಮಗಳೂ ಟೆನಿಸ್‌ನಲ್ಲಿ ಅಷ್ಟು ಎತ್ತರ ಮುಟ್ಟಿಲ್ಲ.

ತಂದೆ: ಸರಿ ಮೇಡಂ. ಆದರೂ ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅವರು ಸಿಂಗಲ್ಸ್ ಬಿಟ್ಟಿದ್ದು ಆಗಲಿಲ್ಲ ಅಂತ ತಾನೆ? ಆಗಿದ್ದಿದ್ರೆ ಯಾಕೆ ಬಿಡ್ತಿದ್ರು?

ಟೀಚರ್: ಬೇಜಾರೇನಿಲ್ಲ, ಕೇಳಲೇಬೇಕಾದ ಮಾತು. ಅದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಾನಿಯಾ ಹುಟ್ಟಿದ್ದು ಮುಂಬೈಯಲ್ಲಿ, 1986ರಲ್ಲಿ. ಬೆಳೆದದ್ದು ಹೈದರಾಬಾದಿನಲ್ಲಿ. ಆರು ವರ್ಷಕ್ಕೆ ರ‍್ಯಾಕೆಟ್ ಹಿಡಿದರು. ಆಗ ಅಲ್ಲಿ ಮಕ್ಕಳಿಗೆ ಸಿಗುತ್ತಿದ್ದದ್ದು ಸೆಗಣಿ ಸಾರಿಸಿದ ಕೋರ್ಟು ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. ನಮ್ಮ ಈ ಕೋರ್ಟಿಗಿಂತ ಮೇಲೇನಲ್ಲ. ಅಪ್ಪ ಇಮ್ರಾನ್ ಮಿರ್ಜಾ ಅವರೇ ಕೋಚ್, ಅವರೇ ಮ್ಯಾನೇಜರ್.

ತಂದೆ: ಅಪ್ಪನೇ ಕೋಚಾ?

ಟೀಚರ್: ಹೌದು, ಬಹಳ ವರ್ಷ. 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು, ರಷ್ಯಾದ ಅಲಿಸಾ ಕ್ಲೇಬನೋವಾ ಜೊತೆ. ನೋಡಿ, ಮೊದಲ ದೊಡ್ಡ ಕಪ್ಪೇ ಡಬಲ್ಸ್. ಆದರೆ ಸಿಂಗಲ್ಸ್‌ನಲ್ಲಿ ಏನೂ ಆಗಲಿಲ್ಲ ಅನ್ನುವುದು ಶುದ್ಧ ಸುಳ್ಳು. ಕೆಳಗಿನ ಹಂತದಲ್ಲಿ ಐಟಿಎಫ್ ಟೂರ್ನಿಗಳು ಅಂತ ಇವೆಯಲ್ಲ, ಅಲ್ಲಿ 14 ಸಿಂಗಲ್ಸ್ ಪ್ರಶಸ್ತಿ ಗೆದ್ದು ಮೇಲೆ ಬಂದವರು ಅವರು. 2005ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಮೂರನೇ ಸುತ್ತು, ಎದುರಿಗೆ ಸೆರೆನಾ ವಿಲಿಯಮ್ಸ್. ಸೋತರು, ಆದರೆ ಎರಡನೇ ಸೆಟ್‌ನಲ್ಲಿ ನಾಲ್ಕು ಗೇಮ್ ಕಿತ್ತುಕೊಂಡರು. ಫೆಬ್ರವರಿಯಲ್ಲಿ ತಮ್ಮ ಊರು ಹೈದರಾಬಾದಿನಲ್ಲೇ ಡಬ್ಲ್ಯುಟಿಎ, ಅಂದರೆ ಮಹಿಳಾ ಟೆನಿಸ್ ಸಂಘದ ಪ್ರಶಸ್ತಿ. ಭಾರತದ ಹೆಂಗಸೊಬ್ಬಳು ಆ ಹಂತದ ಸಿಂಗಲ್ಸ್ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಆಮೇಲೆ ದುಬೈಯಲ್ಲಿ ಸ್ವೆಟ್ಲಾನಾ ಕುಜ್ನೆಟ್ಸೋವಾ ಅವರನ್ನು ಸೋಲಿಸಿದರು, ಹಿಂದಿನ ವರ್ಷವಷ್ಟೇ ಅಮೆರಿಕನ್ ಓಪನ್ ಗೆದ್ದಿದ್ದವರನ್ನು. ಅದೇ ವರ್ಷ ಅಮೆರಿಕನ್ ಓಪನ್‌ನಲ್ಲಿ ನಾಲ್ಕನೇ ಸುತ್ತು. 2007ರ ಆಗಸ್ಟ್‌ನಲ್ಲಿ 27ನೇ ರ‍್ಯಾಂಕು. ಪ್ರಪಂಚದಲ್ಲಿ 26 ಜನ ಮಾತ್ರ ಅವರಿಗಿಂತ ಮೇಲಿದ್ದರು. ಇದನ್ನು ಸೋಲು ಅಂತ ಹೇಗೆ ಕರೆಯೋದು?

ತಂದೆ: ಮತ್ತೆ ಏನಾಯ್ತು?

ಟೀಚರ್: ಮೈ ತಡೆಯಲಿಲ್ಲ. ಅವರ ಫೋರ್‌ಹ್ಯಾಂಡ್ ನೋಡಿದ್ದೀರಾ? ಭುಜಕ್ಕಿಂತ ಹೆಚ್ಚಾಗಿ ಮಣಿಕಟ್ಟಿನಿಂದ ಹೊಡೆಯುವ ಹೊಡೆತ. ಮಣಿಕಟ್ಟು ಎಷ್ಟು ಬಾಗುತ್ತಿತ್ತು ಅಂದರೆ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಎದುರಾಳಿಗೆ ಕಡೆಯ ಗಳಿಗೆವರೆಗೂ ತಿಳಿಯುತ್ತಿರಲಿಲ್ಲ. ಮಹಿಳಾ ಟೆನಿಸ್‌ನಲ್ಲಿ ಆ ಕಾಲದ ಅತಿ ಬಿರುಸಾದ ಫೋರ್‌ಹ್ಯಾಂಡ್‌ಗಳಲ್ಲಿ ಅದೂ ಒಂದು ಅಂತ ಎದುರಾಳಿಗಳೇ ಒಪ್ಪುತ್ತಿದ್ದರು. ಅದೇ ಮಣಿಕಟ್ಟು 2008ರಲ್ಲಿ ಕೈಕೊಟ್ಟಿತು, ಶಸ್ತ್ರಚಿಕಿತ್ಸೆ ಆಯಿತು. ಮೊಣಕಾಲಿನದು ಬೇರೆ ಕಥೆ, ಅದಕ್ಕೂ ಕತ್ತರಿ ಬಿತ್ತು. ಸಿಂಗಲ್ಸ್ ಅಂದರೆ 27 ಅಡಿ ಅಗಲದ ಅಂಗಳ ಪೂರ್ತಿ ಒಬ್ಬಳೇ ಓಡಬೇಕು, ವಾರದಲ್ಲಿ ನಾಲ್ಕೈದು ದಿನ, ವರ್ಷವಿಡೀ ಊರಿಂದೂರಿಗೆ. 2013ರಲ್ಲಿ ಸಿಂಗಲ್ಸ್ ನಿಲ್ಲಿಸಿದರು. ಆಗ ಅವರಿಗೆ 26 ವರ್ಷ. ಆ ಆರು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ನಾಲ್ಕು ಬಂದದ್ದು ಅದಾದ ಮೇಲೆ.

ತಂದೆ: ಹಂಗಂದ್ರೆ ಕೈ ಕೆಟ್ಟಿದ್ದರಿಂದಲೇ ಒಂದನೇ ನಂಬರ್ ಆದ್ರು ಅಂತೀರಾ?

ಟೀಚರ್: ಅಲ್ಲ, ಹಾಗಂದರೆ ಅವರ ಶ್ರಮಕ್ಕೆ ಅನ್ಯಾಯ. ಕೈ ಕೆಟ್ಟವರು ಎಷ್ಟೋ ಜನ ಮನೆಗೆ ಹೋದರು. ಇವರು ತಮ್ಮಲ್ಲಿ ಏನು ಉಳಿದಿದೆ ಅಂತ ಕೂತು ಲೆಕ್ಕ ಹಾಕಿದರು. ಬೇಸ್‌ಲೈನ್‌ನಿಂದ ಬರುವ ಆ ಹೊಡೆತ ಉಳಿದಿದೆ, ರಿಟರ್ನ್ ಉಳಿದಿದೆ. ಓಟ ಕಡಿಮೆ, ಸರ್ವ್ ಅಷ್ಟಕ್ಕಷ್ಟೇ. ಹಾಗಾದರೆ ನನ್ನಲ್ಲಿ ಇಲ್ಲದ್ದು ಇರುವ ಇನ್ನೊಬ್ಬಾಕೆ ಬೇಕು. ಹಿಂಗಿಸ್‌ಗೆ ಹೊಡೆತದಲ್ಲಿ ಜೋರಿಲ್ಲ, ಆದರೆ ನೆಟ್ ಹತ್ತಿರ ಅವರಷ್ಟು ಜಾಣೆ ಇನ್ನೊಬ್ಬರಿಲ್ಲ. ಸಾನಿಯಾ ಹಿಂದಿನಿಂದ ಹೊಡೆದು ಎದುರಾಳಿಯ ಉತ್ತರವನ್ನು ಸಡಿಲ ಮಾಡುವುದು, ಹಿಂಗಿಸ್ ಮುಂದೆ ನಿಂತು ಅದನ್ನು ಮುಗಿಸುವುದು. 2015ರ ಮಾರ್ಚ್‌ನಲ್ಲಿ ಜೋಡಿಯಾದರು. ಇಂಡಿಯನ್ ವೆಲ್ಸ್, ಮಿಯಾಮಿ, ಚಾರ್ಲ್ಸ್‌ಟನ್, ಆಡಿದ ಮೊದಲ ಮೂರೂ ಟೂರ್ನಿ ಗೆದ್ದರು. ಆ ವರ್ಷ ಒಂಬತ್ತು ಪ್ರಶಸ್ತಿ. 2016ರ ಫೆಬ್ರವರಿಯಲ್ಲಿ ದೋಹಾದಲ್ಲಿ ಸೋಲುವ ಹೊತ್ತಿಗೆ ಸತತ 41 ಪಂದ್ಯ ಗೆದ್ದಾಗಿತ್ತು.

ತಂದೆ: ಅವರಿಬ್ಬರೂ ಮೊದಲಿಂದ ಸ್ನೇಹಿತೆಯರಾ?

ಟೀಚರ್: ಎದುರುಬದುರು ಆಡಿದವರು. 2006ರಲ್ಲಿ ಸೋಲ್‌ನಲ್ಲಿ ಕೊರಿಯಾ ಓಪನ್ ನಡೆದಾಗ ಸಾನಿಯಾ ಸಿಂಗಲ್ಸ್‌ನಲ್ಲಿ ಹಿಂಗಿಸ್‌ರನ್ನೇ ಸೋಲಿಸಿದ್ದರು. ಹಿಂಗಿಸ್ ಆ ಹೊಡೆತದ ಏಟು ಉಂಡವರು, ಅದರ ಬೆಲೆ ಗೊತ್ತಿತ್ತು. ನಿಮ್ಮ ಮಗಳಿಗೆ ಆ ವಿಂಬಲ್ಡನ್ ಫೈನಲ್ ಒಮ್ಮೆ ತೋರಿಸಿ. ಎದುರಿಗೆ ರಷ್ಯಾದ ಮಕರೋವಾ, ವೆಸ್ನಿನಾ. ಮೊದಲ ಸೆಟ್ 5-7 ಹೋಯಿತು. ಎರಡನೆಯದು ಟೈಬ್ರೇಕ್‌ನಲ್ಲಿ ಬಂತು. ಮೂರನೆಯದರಲ್ಲಿ 2-5 ಹಿಂದೆ. ಒಂದೇ ಒಂದು ಗೇಮ್ ಹೋದರೆ ಮುಗಿಯಿತು. ಅಲ್ಲಿಂದ 5-5ಕ್ಕೆ ತಂದರು. ಅಷ್ಟರಲ್ಲಿ ಕತ್ತಲಾಯಿತು, ಆಟ ನಿಲ್ಲಿಸಿ ಛಾವಣಿ ಮುಚ್ಚಿ ದೀಪ ಹಾಕಿದರು. ಮತ್ತೆ ಬಂದು ಎರಡೂ ಗೇಮ್ ತೆಗೆದುಕೊಂಡು 7-5ಕ್ಕೆ ಮುಗಿಸಿದರು. ಆ ಮೂರನೇ ಸೆಟ್ ನೋಡಿದ ಮೇಲೂ ಇದು ಸೋತವರ ಆಟ ಅನ್ನುವುದಾದರೆ ಅನ್ನಲಿ.

ತಂದೆ: ಮೇಡಂ, ನೀವು ಹೇಳ್ತಿರೋವಾಗ ನನಗೆ ನಮ್ಮ ಬೇಸಿನ್ ಕಣ್ಮುಂದೆ ಬರ್ತಿದೆ. ಒಂದು ಗೂಡಿನ ಎಳೆ ಎಷ್ಟು ಉದ್ದ ಇದ್ರೂ ಒಂಟಿಯಾಗಿ ಸುತ್ತೋಕಾಗಲ್ಲ, ಕಣ್ಣಿಗೂ ಕಾಣಲ್ಲ ಅಷ್ಟು ಸಣ್ಣ. ಬಿಸಿನೀರಲ್ಲಿ ಏಳೆಂಟು ಗೂಡು ಬಿಟ್ಟು ಎಲ್ಲದರ ಎಳೆ ಸೇರಿಸಿದ್ರೇನೇ ನೂಲು. ಮಧ್ಯದಲ್ಲಿ ಒಂದು ಕಡೀತು ಅಂದ್ರೆ ರಾಟೆ ನಿಲ್ಸಲ್ಲ. ಕೂತಿರೋ ಹೆಂಗಸು ಇನ್ನೊಂದು ಗೂಡಿನ ತುದಿ ಹುಡುಕಿ ಎಸೀತಾಳೆ, ಅದು ಅಂಟ್ಕೊಂಡು ಹೋಗುತ್ತೆ. ಆಮೇಲೆ ಎಲ್ಲಿ ಕಡಿದಿತ್ತು ಅಂತ ಕೊಂಡ್ಕೊಂಡೋನಿಗೆ ಗೊತ್ತಾಗಲ್ಲ.

ಟೀಚರ್: ಇದನ್ನು ಮಗಳಿಗೆ ಹೇಳಿದ್ದೀರಾ?

ತಂದೆ: ಇಲ್ಲ, ಈಗ ಹೊಳೀತು. ಆದರೆ ಮನೆಯಲ್ಲಿ ನನಗಿರೋ ತಲೆನೋವು ಡಬಲ್ಸ್ ಸಿಂಗಲ್ಸ್‌ದಲ್ಲ. ನಿಮ್ಮ ಹತ್ರ ಮುಚ್ಚುಮರೆ ಯಾಕೆ? ನಮ್ಮ ಮೊಹಲ್ಲಾದಲ್ಲಿ ಹಿರಿಯರು ಬಟ್ಟೆ ಮಾತು ಎತ್ತುತ್ತಾರೆ. ಹುಡುಗಿ ದೊಡ್ಡವಳಾಗ್ತಿದ್ದಾಳೆ, ಆ ಚಿಕ್ಕ ಸ್ಕರ್ಟು ಹಾಕ್ಕೊಂಡು ಎಲ್ಲರ ಮುಂದೆ ಓಡೋದು ಬೇಡ ಅಂತಾರೆ. ನನ್ನ ತಾಯಿ ನೇರವಾಗಿ ಏನೂ ಹೇಳಲ್ಲ, ಆದರೆ ಅವಳು ಪ್ರಾಕ್ಟೀಸಿಗೆ ಹೊರಟಾಗ ಮುಖ ತಿರುಗಿಸ್ತಾರೆ.

ಟೀಚರ್: ಸಾನಿಯಾ ಇದನ್ನೆಲ್ಲ ಉಂಡವರೇ. 2005ರಲ್ಲಿ ಅವರಿಗೆ 18 ವರ್ಷ. ಆಟದ ಉಡುಪಿನ ವಿರುದ್ಧ ಒಬ್ಬ ಧರ್ಮಗುರು ಫತ್ವಾ ಹೊರಡಿಸಿದ ಸುದ್ದಿ ದೇಶವೆಲ್ಲ ಹರಡಿತು. ಕೋಲ್ಕತಾದಲ್ಲಿ ಆಡಲು ಹೋದಾಗ ಸುತ್ತ ಪೊಲೀಸ್ ಕಾವಲು. ಫೋರ್‌ಹ್ಯಾಂಡ್ ಬಗ್ಗೆ ಕೇಳಬೇಕಾದ ಪತ್ರಕರ್ತರು ಸ್ಕರ್ಟ್ ಬಗ್ಗೆ ಕೇಳಿದರು. 18 ವರ್ಷದ ಹುಡುಗಿ ಅಷ್ಟನ್ನೂ ಹೊರಬೇಕಾಯಿತು, ಅದೂ ಗ್ರ್ಯಾಂಡ್ ಸ್ಲಾಮ್ ನಾಲ್ಕನೇ ಸುತ್ತಿಗೆ ಹೋದ ತಿಂಗಳಲ್ಲೇ. ನಾನು ಅವರನ್ನು ಮೆಚ್ಚುವುದರಲ್ಲಿ ಕಪ್ಪುಗಳ ಪಾಲು ಅರ್ಧ, ಇದರ ಪಾಲು ಅರ್ಧ.

ತಂದೆ: ಅವರ ಅಪ್ಪ ಅಮ್ಮ ಏನಂದ್ರು?

ಟೀಚರ್: ಮಗಳ ಬೆನ್ನಿಗೆ ನಿಂತರು. ಆದರೆ ನಿಮ್ಮ ಮಗಳು ಸಾನಿಯಾ ತೊಟ್ಟ ಉಡುಪನ್ನೇ ತೊಡಬೇಕು ಅಂತ ಯಾರೂ ಹೇಳುತ್ತಿಲ್ಲ. ಈಗ ಕಾಲ ಸ್ವಲ್ಪ ಬದಲಾಗಿದೆ. 2018ರಲ್ಲಿ ಫ್ರೆಂಚ್ ಓಪನ್‌ನಲ್ಲಿ ಸೆರೆನಾ ಮೈತುಂಬ ಕಪ್ಪು ಸೂಟ್ ಹಾಕಿ ಆಡಿದ್ದಕ್ಕೆ ಅಲ್ಲಿನ ದೊಡ್ಡವರು ತಗಾದೆ ತೆಗೆದರು. ಆಮೇಲೆ ಡಬ್ಲ್ಯುಟಿಎ ನಿಯಮವನ್ನೇ ಸ್ಪಷ್ಟ ಮಾಡಿತು, ಸ್ಕರ್ಟ್ ಇಲ್ಲದೆ ಲೆಗ್ಗಿಂಗ್ಸ್ ಹಾಕಿ ಆಡಬಹುದು ಅಂತ. ಅಷ್ಟೇ ಅಲ್ಲ, ಟ್ಯುನೀಷಿಯಾದ ಓನ್ಸ್ ಜಾಬೂರ್ ಮೂರು ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡಿದ್ದಾರೆ. ಅರಬ್ ನಾಡಿನ ಹೆಣ್ಣುಮಗಳು. ನಿಮ್ಮ ತಾಯಿಯವರಿಗೆ ಅವರ ಆಟ ತೋರಿಸಿ. ಅಥವಾ ಒಂದು ಸಂಜೆ ತಾಯಿಯವರನ್ನೇ ಇಲ್ಲಿಗೆ ಕರೆತನ್ನಿ, ನೆರಳಲ್ಲಿ ಕುರ್ಚಿ ಹಾಕಿಸುತ್ತೇನೆ. ಮೊಮ್ಮಗಳು ಚೆಂಡು ಹೊಡೆಯುವುದನ್ನು ಅವರು ಒಮ್ಮೆಯೂ ಕಣ್ಣಾರೆ ನೋಡಿಲ್ಲ.

ತಂದೆ: ಬರ್ತಾರೋ ಇಲ್ವೋ, ಕೇಳಿ ನೋಡ್ತೀನಿ. ಸಾನಿಯಾ ನಮ್ಮ ಕಡೆ ಯಾವಾಗಾದ್ರೂ ಆಡಿದ್ದಾರಾ?

ಟೀಚರ್: ಬೆಂಗಳೂರಲ್ಲಿ ಆಡಿದ್ದಾರೆ. ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ, ಅಂದರೆ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕೋರ್ಟ್‌ನಲ್ಲಿ 2006ರಿಂದ 2008ರವರೆಗೆ ಮಹಿಳೆಯರ ಬೆಂಗಳೂರು ಓಪನ್ ನಡೆಯುತ್ತಿತ್ತು. ಈಗ ಆ ಕ್ರೀಡಾಂಗಣಕ್ಕೆ ಎಸ್.ಎಂ. ಕೃಷ್ಣ ಅವರ ಹೆಸರಿದೆ. ನಮ್ಮ ಚನ್ನಪಟ್ಟಣ ದಾಟಿದರೆ ಸಿಗುವ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. ಟೆನಿಸ್ ಅಂದರೆ ಅವರಿಗೆ ಪ್ರಾಣವಾಗಿತ್ತು, ಬಹಳ ವರ್ಷ ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. 2006ರಲ್ಲಿ ಅಲ್ಲಿ ಸಾನಿಯಾ ಒಂದು ಪ್ರಶಸ್ತಿ ಗೆದ್ದರು. ಯಾವುದು ಹೇಳಿ?

ತಂದೆ: ಡಬಲ್ಸಾ?

ಟೀಚರ್: ಡಬಲ್ಸ್. ಲೀಜೆಲ್ ಹ್ಯೂಬರ್ ಜೊತೆ. ಇನ್ನು 2008ರ ಮಾರ್ಚ್. ಆರು ಲಕ್ಷ ಡಾಲರ್ ಬಹುಮಾನದ ಟೂರ್ನಿ. ಸೆರೆನಾ ಬಂದರು, ವೀನಸ್ ಬಂದರು, ಯಾಂಕೊವಿಚ್ ಬಂದರು. ಅಕ್ಕತಂಗಿ ಸೆಮಿಫೈನಲ್‌ನಲ್ಲಿ ಎದುರಾದರು, ಮೂರನೇ ಸೆಟ್ ಟೈಬ್ರೇಕ್‌ವರೆಗೆ ಎಳೆಯಿತು, ಸೆರೆನಾ ಗೆದ್ದರು. ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನೂ ಸೋಲಿಸಿದರು. ನಾನು ಆ ವಾರವೆಲ್ಲ ಗ್ಯಾಲರಿಯಲ್ಲಿದ್ದೆ. ಇವತ್ತಿಗೂ ಆ ಆಟ ಕಣ್ಣಲ್ಲಿದೆ. ಆದರೆ ಆ ವಾರ ನಮ್ಮ ದೇಶದ ಅತಿ ದೊಡ್ಡ ಆಟಗಾರ್ತಿ ಅಲ್ಲಿರಲಿಲ್ಲ.

ತಂದೆ: ಗಾಯವಾಗಿತ್ತಾ?

ಟೀಚರ್: ಗಾಯವೇ, ಬೇರೆ ತರಹದ್ದು. ಆ ಜನವರಿಯಲ್ಲಿ ಆಸ್ಟ್ರೇಲಿಯಾದ ಹಾಪ್‌ಮನ್ ಕಪ್‌ನಲ್ಲಿ ಕಾಲು ಚಾಚಿ ಕೂತಿದ್ದಾಗ ಯಾರೋ ಫೋಟೋ ತೆಗೆದರು. ಆ ಚೌಕಟ್ಟಿನಲ್ಲಿ ರಾಷ್ಟ್ರಧ್ವಜವೂ ಇತ್ತು. ಧ್ವಜಕ್ಕೆ ಅವಮಾನ ಅಂತ ದೂರು ಕೊಟ್ಟರು. ಅದಕ್ಕೂ ಮುಂಚೆ ಹೈದರಾಬಾದಿನ ಮಸೀದಿ ಅಂಗಳದಲ್ಲಿ ಜಾಹೀರಾತು ಚಿತ್ರೀಕರಣ ಅಂತ ಇನ್ನೊಂದು ದೂರು. ಒಂದು ಕಡೆಯವರು ಧರ್ಮ ಸಾಲದು ಅಂದರು, ಇನ್ನೊಂದು ಕಡೆಯವರು ದೇಶಭಕ್ತಿ ಸಾಲದು ಅಂದರು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ಏಳುತ್ತದೆ, ಹಾಗಾಗಿ ಬೆಂಗಳೂರಿಗೆ ಬರುವುದಿಲ್ಲ ಅಂತ ತಿಳಿಸಿಬಿಟ್ಟರು. 21 ವರ್ಷದ ಆಟಗಾರ್ತಿ ತನ್ನ ದೇಶದ ಅತಿ ದೊಡ್ಡ ಟೂರ್ನಿಗೆ ಬರಲಾರೆ ಅನ್ನಬೇಕಾಯಿತು. ಆ ವರ್ಷದ ನಂತರ ಆ ಟೂರ್ನಿಯೂ ಬೆಂಗಳೂರಿಗೆ ಬರಲಿಲ್ಲ. ನನಗೆ ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ತಂದೆ: ಇಷ್ಟೆಲ್ಲ ಕೇಳಿದ ಮೇಲೆ ಮಗಳನ್ನ ಈ ದಾರಿಗೆ ಕಳಿಸೋಕೆ ಇನ್ನೂ ಭಯ ಆಗುತ್ತೆ ಮೇಡಂ. ದುಡ್ಡಿನ ವಿಷಯಾನೂ ಹೇಳಿಬಿಡಿ. ಸಾನಿಯಾ ಕೋಟಿಗಟ್ಟಲೆ ದುಡಿದ್ರು ಅಂತಾರೆ.

ಟೀಚರ್: ಬಹುಮಾನದ ಹಣವೇ 70 ಲಕ್ಷ ಡಾಲರ್‌ಗೂ ಹೆಚ್ಚು. ಜಾಹೀರಾತಿನದು ಬೇರೆ. ಆದರೆ ಆ ಅಂಕಿ ನೋಡಿ ಮಗಳನ್ನು ಕಳಿಸಬೇಡಿ. ಕೆಳಗಿನ ಮೆಟ್ಟಿಲು ಹೇಗಿದೆ ಅಂತ ಮೊದಲು ಹೇಳುತ್ತೇನೆ. ಈಗ ಮಗಳು ಆಡುವುದು ಅಖಿಲ ಭಾರತ ಟೆನಿಸ್ ಸಂಸ್ಥೆಯ ಟೂರ್ನಿ. ಟ್ಯಾಲೆಂಟ್ ಸೀರೀಸ್, ಆಮೇಲೆ ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್. ಇಲ್ಲಿ ಬಹುಮಾನಕ್ಕಿಂತ ರ‍್ಯಾಂಕಿಂಗ್ ಮುಖ್ಯ, ಖರ್ಚೆಲ್ಲ ನಿಮ್ಮದೇ. ಅದು ದಾಟಿದರೆ ಐಟಿಎಫ್ ಜೂನಿಯರ್. 14 ತುಂಬುವವರೆಗೆ ವೃತ್ತಿಪರ ಟೂರ್ನಿಗೆ ಬಿಡುವುದೇ ಇಲ್ಲ, ಅದು ಒಳ್ಳೆಯದೇ. ವೃತ್ತಿಪರ ಟೂರ್ನಿಯ ತಳದಲ್ಲಿ 15,000 ಡಾಲರ್‌ದು ಇರುತ್ತದೆ. ಆ ಹಣ ಗೆದ್ದವಳೊಬ್ಬಳಿಗೆ ಅಲ್ಲ, ಸಿಂಗಲ್ಸ್ ಡಬಲ್ಸ್ ಎಲ್ಲರಿಗೂ ಹಂಚುವುದು. ಮೊದಲ ಸುತ್ತಿನಲ್ಲಿ ಸೋತರೆ 200 ಡಾಲರ್ ಕೂಡ ಕೈಗೆ ಬರುವುದಿಲ್ಲ.

ತಂದೆ: ಹೋಗಿಬರೋ ಚಾರ್ಜಿಗೂ ಸಾಲಲ್ಲ.

ಟೀಚರ್: ಸಾಲುವುದಿಲ್ಲ. ಮೂರು ಟೂರ್ನಿಗಳಲ್ಲಾದರೂ ಅಂಕ ಗಳಿಸಬೇಕು, ಇಲ್ಲವೇ ಒಟ್ಟು 10 ಅಂಕ ಸೇರಿಸಬೇಕು. ಆಗ ಮಾತ್ರ ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಬರುತ್ತದೆ. ಬಂದ ಅಂಕವೂ 52 ವಾರಕ್ಕೆ ಅಳಿಸಿಹೋಗುತ್ತದೆ, ಮತ್ತೆ ಗೆದ್ದು ತುಂಬಬೇಕು. ಕಾಯಿಲೆ ಬಿದ್ದರೂ ಅಳಿಯುತ್ತದೆ. ಸಾನಿಯಾಗಿಂತ ಮುಂಚೆ ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ ಈ ಮೆಟ್ಟಿಲು ಹತ್ತಿದವರು. 1998ರಲ್ಲಿ ಆಸ್ಟ್ರೇಲಿಯನ್ ಓಪನ್ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರು. ಓಪನ್ ಯುಗದಲ್ಲಿ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ. ಆ ಕಾಲದಲ್ಲಿ ಪ್ರಾಯೋಜಕರೂ ಇಲ್ಲ, ಜೊತೆಗೆ ಬರುವ ಕೋಚೂ ಇಲ್ಲ. ಅವರು ಆ ಹಾದಿಯನ್ನು ಒಂಟಿಯಾಗಿ ತುಳಿದರು.

ತಂದೆ: ಅಲ್ಲ ಮೇಡಂ, ಇಷ್ಟು ಹೇಳಿ ಮತ್ತೆ ಡಬಲ್ಸ್ ಆಡಿಸಿ ಅಂತೀರ. ಡಬಲ್ಸ್‌ನಲ್ಲಿ ಬರೋ ದುಡ್ಡು ಇನ್ನೂ ಕಡಿಮೆ, ಅದೂ ಇಬ್ಬರಿಗೆ ಹಂಚ್ಕೋಬೇಕು. ಸಾನಿಯಾ ಸಿಂಗಲ್ಸ್‌ನಲ್ಲಿ ಹೆಸರು ಮಾಡಿದ್ರು, ಜಾಹೀರಾತು ಬಂತು, ಆ ದುಡ್ಡಿನ ಮೇಲೆ ನಿಂತು ಡಬಲ್ಸ್ ಆಡಿದ್ರು. ನನ್ನ ಮಗಳು ಯಾವುದರ ಮೇಲೆ ನಿಲ್ಲೋದು?

ಟೀಚರ್: ಈ ಮಾತಿಗೆ ನನ್ನ ಹತ್ತಿರ ಎದುರುತ್ತರ ಇಲ್ಲ, ನೀವು ಹೇಳಿದ್ದು ನಿಜ. ಡಬಲ್ಸ್ ಒಂದನ್ನೇ ನಂಬಿ ಜೀವನ ಮಾಡಿ ಅಂತ 13 ವರ್ಷದ ಮಗುವಿಗೆ ನಾನು ಹೇಳಲಾರೆ. ಸಿಂಗಲ್ಸ್ ಆಡಲೇಬೇಕು. ನಾನು ಕೇಳುತ್ತಿರುವುದು ಎರಡನ್ನೂ ಆಡಲಿ ಅಂತ. ಸಾನಿಯಾ 16 ವರ್ಷಕ್ಕೇ ಎರಡನ್ನೂ ಆಡುತ್ತಿದ್ದರು, ಅದಕ್ಕೇ ಕೈ ಕೆಟ್ಟ ದಿನ ಇನ್ನೊಂದು ಬಾಗಿಲು ತೆರೆದಿತ್ತು. ಆಗ ಕಲಿಯಲು ಶುರುಮಾಡಿದ್ದರೆ ತಡವಾಗುತ್ತಿತ್ತು. ಡಬಲ್ಸ್ ಆಟವೇ ಬೇರೆ. ಅಂಗಳ 36 ಅಡಿ ಅಗಲ, ಎರಡು ಬದಿಗೂ ನಾಲ್ಕೂವರೆ ಅಡಿ ಹೆಚ್ಚು. ರಿಟರ್ನ್ ಎತ್ತರ ಬಂದರೆ ನೆಟ್ ಹತ್ತಿರ ನಿಂತವಳು ಹೊಡೆದು ಮುಗಿಸುತ್ತಾಳೆ, ಹಾಗಾಗಿ ಚೆಂಡು ಎದುರಾಳಿಯ ಕಾಲ ಬಳಿ ಬೀಳಬೇಕು. ಸರ್ವ್ ಬಿರುಸಿದ್ದರೆ ಸಾಲದು, ಎಲ್ಲಿ ಬೀಳಿಸುತ್ತೇನೆ ಅಂತ ಜೊತೆಗಾರ್ತಿಗೆ ಮೊದಲೇ ತಿಳಿದಿರಬೇಕು, ಅದಕ್ಕೇ ಬೆನ್ನ ಹಿಂದೆ ಬೆರಳಿನ ಸನ್ನೆ. ಟೂರಿನ ಹೆಚ್ಚಿನ ಪಂದ್ಯಗಳಲ್ಲಿ ಡ್ಯೂಸ್ ಆದರೆ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ, ಮೂರನೇ ಸೆಟ್ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ತಪ್ಪನ್ನು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ನಿಮ್ಮ ಮಗಳ ನೆಟ್ ಆಟ ಹೇಗಿದೆ ಗೊತ್ತಾ? ಇಲ್ಲವೇ ಇಲ್ಲ. ಚೆಂಡು ಮುಂದೆ ಬಿದ್ದರೆ ಹೆದರಿ ಹಿಂದಕ್ಕೆ ಹೋಗುತ್ತಾಳೆ. ಸಿಂಗಲ್ಸ್‌ನಲ್ಲಿ ಅವಳು ಸೋಲುವುದೂ ಅಲ್ಲೇ.

ತಂದೆ: ಅದು ನಾನೂ ನೋಡಿದ್ದೀನಿ. ಮುಂದೆ ಹೋಗಬೇಕಾದಾಗ ಕಾಲು ಹಿಂದೆ ಬರುತ್ತೆ.

ಟೀಚರ್: ಮತ್ತೆ ಇನ್ನೊಂದು. ಸೋತಾಗ ಅವಳು ಯಾರ ಹತ್ತಿರವೂ ಮಾತಾಡುವುದಿಲ್ಲ. ಪಕ್ಕದಲ್ಲಿ ಒಬ್ಬಳು ಇರಬೇಕು ಅವಳಿಗೆ. ಆಡುವವಳು, ಅವಳ ವಯಸ್ಸಿನವಳು. ಅಪ್ಪ, ಟೀಚರ್ ಇದ್ದರೆ ಸಾಲುವುದಿಲ್ಲ.

ತಂದೆ: ಮದುವೆಯಾದ ಮೇಲೆ ಎಲ್ಲ ಬಿಟ್ಟುಬಿಡ್ತಾರೆ, ಇಷ್ಟು ಖರ್ಚು ಯಾಕೆ ಅಂತ ನನ್ನ ಅಣ್ಣ ಕೇಳ್ತಾನೆ. ಅದಕ್ಕೇನು ಹೇಳ್ಲಿ?

ಟೀಚರ್: ಹೊಬಾರ್ಟ್ ಅಂತ ಹೇಳಿ. ಸಾನಿಯಾಗೆ 2018ರ ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ. ಎರಡು ವರ್ಷಕ್ಕೂ ಹೆಚ್ಚು ಕಾಲ ಟೂರ್‌ನಲ್ಲಿ ಆಡಿರಲಿಲ್ಲ. ತೂಕ ಇಳಿಸಿಕೊಂಡು, ಮಗುವನ್ನೂ ಕರೆದುಕೊಂಡು 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಹೊಬಾರ್ಟ್‌ಗೆ ಹೋದರು. ಉಕ್ರೇನಿನ ನಾದಿಯಾ ಕಿಚೆನೋಕ್ ಜೊತೆ ಆಡಿ ಮೊದಲ ಟೂರ್ನಿಯಲ್ಲೇ ಪ್ರಶಸ್ತಿ ಗೆದ್ದರು. ಹೆರಿಗೆಗೆ ಹೋದವಳ ರ‍್ಯಾಂಕು ಕಾಪಾಡುವ ನಿಯಮ ಈಗ ಗಟ್ಟಿಯಾಗಿದೆ. 2025ರಲ್ಲಿ ಡಬ್ಲ್ಯುಟಿಎ ವೇತನಸಹಿತ ಹೆರಿಗೆ ರಜೆಯನ್ನೂ ತಂದಿತು, 12 ತಿಂಗಳವರೆಗೆ. ನಮ್ಮ ಎಷ್ಟು ಕೆಲಸಗಳಲ್ಲಿ ಹೆಣ್ಣುಮಕ್ಕಳಿಗೆ ಅದು ಸಿಗುತ್ತಿದೆ? ನಿಮ್ಮ ಬೇಸಿನ್ ಮುಂದೆ ಕೂರುವ ಹೆಂಗಸರಿಗೆ ಸಿಗುತ್ತದಾ?

ತಂದೆ: ಇಲ್ಲ ಮೇಡಂ. ಆ ಮಾತು ನನಗೂ ನಾಟಿತು.

ಟೀಚರ್: ನಿಮ್ಮನ್ನು ಚುಚ್ಚಲು ಹೇಳಿದ್ದಲ್ಲ. ಅಣ್ಣನಿಗೆ ಇದನ್ನೂ ಹೇಳಿ: 2023ರ ಜನವರಿಯಲ್ಲಿ, 36ನೇ ವಯಸ್ಸಿನಲ್ಲಿ, ಸಾನಿಯಾ ಕಡೆಯ ಗ್ರ್ಯಾಂಡ್ ಸ್ಲಾಮ್ ಆಡಿದರು. ಮಿಶ್ರ ಡಬಲ್ಸ್ ಫೈನಲ್‌ವರೆಗೆ ಹೋದರು. ಜೊತೆಗಾರ ನಮ್ಮ ಕೊಡಗಿನ ರೋಹನ್ ಬೋಪಣ್ಣ, 42 ವರ್ಷ. ಸಾನಿಯಾಗೆ 14 ವರ್ಷವಿದ್ದಾಗ ಮೊದಲ ಮಿಶ್ರ ಡಬಲ್ಸ್ ಜೊತೆಗಾರ ಆಗಿದ್ದವರೂ ಅವರೇ. ರಿಯೊ ಒಲಿಂಪಿಕ್ಸ್‌ನಲ್ಲಿ ಇದೇ ಜೋಡಿ ನಾಲ್ಕನೇ ಸ್ಥಾನಕ್ಕೆ ನಿಂತು ಪದಕ ಕೈತಪ್ಪಿಸಿಕೊಂಡಿತ್ತು. ಮೆಲ್ಬರ್ನ್‌ನಲ್ಲೂ ಸೋತರು. ಸಾನಿಯಾ ಮಗನ ಎದುರಿಗೆ ಕಣ್ಣೀರು ಹಾಕಿಕೊಂಡೇ ಮಾತಾಡಿದರು. ಒಂದು ವರ್ಷದ ಮೇಲೆ ಅದೇ ಬೋಪಣ್ಣ ಮ್ಯಾಥ್ಯೂ ಎಬ್ಡನ್ ಜೊತೆ ಅದೇ ಊರಲ್ಲಿ ಪುರುಷರ ಡಬಲ್ಸ್ ಗೆದ್ದು, 43ನೇ ವಯಸ್ಸಿನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೆ ಏರಿದರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿದ್ದ ಮನುಷ್ಯ ಅದು. ಹೈದರಾಬಾದಿನ ಹುಡುಗಿ, ಕೊಡಗಿನ ಹುಡುಗ, ಇಬ್ಬರೂ ಮೇಲೆ ನಿಂತದ್ದು ಡಬಲ್ಸ್‌ನಲ್ಲಿ. ನಾವು ಅದನ್ನು ಮೂಲೆಯ ನಾಲ್ಕು ಸಾಲಿಗೆ ಬಿಟ್ಟಿದ್ದೇವೆ.

ತಂದೆ: ಒಪ್ಪಿದೆ ಮೇಡಂ. ಆದರೆ ಜೊತೆಗಾರ್ತಿ ಯಾರು? ಇಲ್ಲಿ ಅವಳ ವಯಸ್ಸಿನ ಹುಡುಗಿಯರು ಯಾರೂ ಟೂರ್ನಿಗೆ ಬರಲ್ಲ. ಬೆಂಗಳೂರಿನ ಹುಡುಗಿ ಜೊತೆ ಆಡಿಸಬೇಕು ಅಂದ್ರೆ ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಬೇಕು. ನನ್ನದು ಸ್ಕೂಟರ್, ಎಕ್ಸ್‌ಪ್ರೆಸ್‌ವೇ ಮೇಲೆ ಬಿಡಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಿಬರೋದರಲ್ಲಿ ಅವಳ ಅರ್ಧ ದಿನ ಹೋಗುತ್ತೆ.

ಟೀಚರ್: ಬೆಂಗಳೂರು ಬೇಡ. ಮಾಗಡಿಯಿಂದ ಒಬ್ಬಳು ಬರುತ್ತಿದ್ದಾಳೆ, ಒಂದು ವರ್ಷ ಚಿಕ್ಕವಳು. ಎಡಗೈ ಆಟ. ಬೇಸ್‌ಲೈನ್ ಹೊಡೆತ ನಿಮ್ಮ ಮಗಳಷ್ಟಿಲ್ಲ, ಆದರೆ ನೆಟ್ ಹತ್ತಿರ ಭಯವೇ ಇಲ್ಲ ಆ ಮಗುವಿಗೆ. ಬಲಗೈ ಎಡಗೈ ಜೋಡಿ ಅಂದರೆ ಎದುರಾಳಿಗೆ ಪ್ರತಿ ಸರ್ವ್‌ನ ತಿರುವೂ ಬೇರೆ. ಅವರ ತಾಯಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾರೆ, ಭಾನುವಾರ ಮಾತ್ರ ಬಸ್ಸಿನಲ್ಲಿ ಕರೆತರಲು ಆಗುತ್ತದೆ.

ತಂದೆ: ನನ್ನ ಮಗಳು ಒಪ್ಪಬೇಕಲ್ಲ.

ಟೀಚರ್: ಅವಳನ್ನು ಒಪ್ಪಿಸಲು ಹೋಗಬೇಡಿ. ಭಾನುವಾರ ಏಳು ಗಂಟೆಗೆ ಕರೆತನ್ನಿ. ಕನಕಪುರದ ಇಬ್ಬರು ಹುಡುಗರು ಬರುತ್ತಾರೆ, ಜೋರಾಗಿ ಹೊಡೆಯುತ್ತಾರೆ, ಬುದ್ಧಿ ಉಪಯೋಗಿಸುವುದಿಲ್ಲ. ಅವರ ಎದುರಿಗೆ ಇವರಿಬ್ಬರನ್ನು ನಿಲ್ಲಿಸುತ್ತೇನೆ. ಒಂದು ಸೆಟ್ ಆಡಲಿ. ಆಮೇಲೆ ಫಾರಂ ತುಂಬೋಣ, ಕಡೆಯ ದಿನ ಬುಧವಾರ.

ತಂದೆ: ಏಳಕ್ಕೆ ಬರ್ತೀನಿ. ನನ್ನ ತಾಯಿನೂ ಕೇಳಿ ನೋಡ್ತೀನಿ. ಕುರ್ಚಿ ಒಂದು ಇಟ್ಟಿರಿ ಮೇಡಂ.